ಟ್ರಂಕಿನಲ್ಲಿದ್ದ ಡಿ.ಎಡ್. ಹೊರಬಂತು

ಬಿಟಿಎಂ ಲೇಔಟ್‌ನ ಆ ಮನೆಯ ಅಡುಗೆ ಕಟ್ಟೆಯ ಮೇಲೆ ಬೆಳಗ್ಗೆ ಮೂರು ಟಿಫಿನ್ ಬಾಕ್ಸ್ ಸಾಲಾಗಿ ಕೂತಿರುತ್ತವೆ. ಒಂದು ಬನಶಂಕರಿಯ ಮೊಬೈಲ್ ಅಂಗಡಿಗೆ ಹೋಗುವ ಗಂಡನದ್ದು, ಇನ್ನೊಂದು ಮೂರನೇ ಕ್ಲಾಸಿನ ಮಗಳದ್ದು. ಮೂರನೆಯದು ಕಳೆದ ಜುಲೈವರೆಗೆ ಅಲ್ಲಿ ಇರಲಿಲ್ಲ. ಅದು ಉಮ್ಮನದ್ದು.

ಆಕೆ ಉಪ್ಪಿನಂಗಡಿ ಕಡೆಯವರು. ಪಿಯುಸಿ ಆದ ಮೇಲೆ ಎರಡು ವರ್ಷ ಡಿ.ಎಡ್. ಮಾಡಿದ್ದರು. ರಿಸಲ್ಟ್ ಬಂದ ವರ್ಷವೇ ಮದುವೆ, ಆಮೇಲೆ ಬೆಂಗಳೂರು. ಸರ್ಟಿಫಿಕೇಟು ಮದುವೆಯ ಸೀರೆಗಳ ಜೊತೆ ಟ್ರಂಕಿನ ಅಡಿಗೆ ಸೇರಿತು. ಹನ್ನೊಂದು ವರ್ಷ ಅಲ್ಲೇ ಇತ್ತು. ನಮ್ಮ ಎಷ್ಟು ಮನೆಗಳಲ್ಲಿ ಇಂತಹ ಟ್ರಂಕು ಉಂಟು ಎಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಜಯನಗರ, ತಿಲಕ್‌ನಗರ ಕಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಇಲ್ಲ, ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರಂತೆ ಎಂದು ಪಕ್ಕದ ಮನೆಯವರು ಹೇಳಿದ್ದು. ಶಾಲೆ ಮೇ ಕೊನೆಗೇ ಶುರುವಾಗಿತ್ತು. ಇವರು ಅರ್ಜಿ, ಅಂಕಪಟ್ಟಿ, ಆಧಾರ್ ಹಿಡಿದುಕೊಂಡು ಹೆಡ್‌ಮಿಸ್ ಮುಂದೆ ನಿಂತದ್ದು ಜೂನ್ ಮುಗಿಯುವಾಗ. ಕ್ಲಾಸಿಗೆ ಕಾಲಿಟ್ಟದ್ದು ಜುಲೈಯಲ್ಲಿ. ಅಷ್ಟೂ ದಿನ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಇನ್ನೊಬ್ಬ ಟೀಚರ್ ತಮ್ಮ ಐದನೇ ತರಗತಿಯ ಜೊತೆಗೇ ನೋಡಿಕೊಳ್ಳುತ್ತಿದ್ದರು.

ಊರಿನಿಂದ ಮಾಮಿ ಫೋನ್ ಮಾಡಿ ಕೇಳಿದರಂತೆ: "ಹನ್ನೆರಡು ಸಾವಿರಕ್ಕೆ ಮಗುವನ್ನು ಬಿಟ್ಟು ಹೋಗ್ಬೇಕಾ?" ಕೇಳಿದ್ದರಲ್ಲಿ ತಪ್ಪೇನಿಲ್ಲ, ಲೆಕ್ಕ ಹಾಗೆಯೇ ಇದೆ. ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಮೊದಲು ತಿಂಗಳಿಗೆ 10,000 ರೂಪಾಯಿ ಗೌರವಧನ ಇತ್ತು. 2025ರ ಬಜೆಟ್‌ನಲ್ಲಿ 2,000 ಸೇರಿಸಿದ ಮೇಲೆ 12,000 ಆಗಿದೆ, ಹೈಸ್ಕೂಲಿಗೆ 12,500. ರಾಜ್ಯದಲ್ಲಿ ಹೀಗೆ ಕೆಲಸ ಮಾಡುವವರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ಏಪ್ರಿಲ್ 10ಕ್ಕೆ ಶಾಲೆ ಮುಚ್ಚಿದರೆ ಗೌರವಧನವೂ ನಿಲ್ಲುತ್ತದೆ. ನಡುವೆ ವರ್ಗಾವಣೆಯಾಗಿ ಕಾಯಂ ಶಿಕ್ಷಕರು ಬಂದರೆ ಅತಿಥಿ ಅದೇ ದಿನ ಹೊರಡಬೇಕು. ಹೆಸರೇ 'ಅತಿಥಿ' ಅಲ್ಲವೇ! ಇವರಿಗೆ ಮೊದಲ ಮೂರು ತಿಂಗಳ ದುಡ್ಡು ಒಟ್ಟಿಗೆ ಬಂದದ್ದು ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಮಗಳ ವ್ಯಾನಿನ ಖರ್ಚೂ ಅಂಗಡಿಯ ಗಲ್ಲಾದಿಂದಲೇ ಹೋಗಬೇಕಾಯಿತು.

"ಬಸ್ಸಿಗೆ ದುಡ್ಡು ಬೇಡ, ಅದೊಂದು ಪುಣ್ಯ" ಎನ್ನುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹೆಂಗಸರು ಒಬ್ಬರೇ ಬಿಎಂಟಿಸಿ ಹತ್ತುವುದು ಎಷ್ಟು ಹೆಚ್ಚಾಗಿದೆ ಎಂಬುದು ಜಯದೇವ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಕಾಣುತ್ತದೆ.

ಕ್ಲಾಸಿನ ಮೊದಲ ವಾರ ಹೇಗಿತ್ತು ಎಂದು ಕೇಳಿದೆ. ನಕ್ಕರು. ಅದು ನಲಿ-ಕಲಿ ತರಗತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ, ಡಬ್ಬಿಗಳಲ್ಲಿ ಕಾರ್ಡುಗಳು. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡು ತೆಗೆದು ತನ್ನ ಗುಂಪಿನಲ್ಲಿ ಕೂರಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ ಇದು. ಆಮೇಲೆ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೂ ಬಂತು. ಡಿ.ಎಡ್.ನಲ್ಲಿ ಇದರ ಬಗ್ಗೆ ನೋಟ್ಸ್ ಬರೆದಿದ್ದರು. ಆದರೆ ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲಲ್ಲಿ ನಿಂತು "ಮಿಸ್, ಮಿಸ್" ಎಂದು ಒಟ್ಟಿಗೆ ಕೂಗುವಾಗ ನೋಟ್ಸ್ ನೆನಪಿಗೆ ಬರಲಿಲ್ಲವಂತೆ.

ಅವರು ಮೊದಲ ದಿನ ಬೋರ್ಡಿನಲ್ಲಿ ದೊಡ್ಡದಾಗಿ ಅ, ಆ, ಇ, ಈ ಬರೆದರು. ಹಿಂದಿನ ಬೆಂಚಿನ, ಅಲ್ಲ, ಹಿಂದಿನ ಚಾಪೆಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಮೊದಲು ರ, ಗ, ಸ, ದ, ಅ" ಎಂದಳು. ಹೌದು, ನಲಿ-ಕಲಿಯಲ್ಲಿ ಅಕ್ಷರ ಕಲಿಸುವ ಕ್ರಮ ಬೇರೆ. ವರ್ಣಮಾಲೆ ಮುಗಿಯುವವರೆಗೆ ಕಾಯದೆ, ಈ ಐದೇ ಅಕ್ಷರ ಬಂದರೆ ಮಗು ಸರ, ದರ, ಅಗಸ, ಗರಗಸ ಎಂದು ಪದ ಓದಲು ಶುರು ಮಾಡುತ್ತದೆ. "ಗರಗಸ ಅಂತ ಮೊದಲ ಸಲ ತಾನೇ ಓದಿದ ಹುಡುಗನ ಮುಖ ನೀವು ನೋಡ್ಬೇಕಿತ್ತು. ಅವನ ಬಾಪ ಗುರಪ್ಪನಪಾಳ್ಯದಲ್ಲಿ ಕಾರ್ಪೆಂಟರ್. ಮನೆಯಲ್ಲಿ ಗರಗಸ ಉಂಟು, ಹೆಸರು ಈಗ ಗೊತ್ತಾಯ್ತು ಅವನಿಗೆ."

ಇಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಇಡೀ ಕತೆಯಲ್ಲಿ ಹೆಚ್ಚು ಹಿಡಿಸಿದ್ದು ಅದೇ. ಆ ಕ್ಲಾಸಿನ ಅರ್ಧದಷ್ಟು ಮಕ್ಕಳ ಮನೆ ಮಾತು ದಖ್ಖನಿ ಉರ್ದು. ಉಳಿದವರದು ತಮಿಳು, ತೆಲುಗು, ಹಿಂದಿ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಕನ್ನಡ. ತಲೆಗೆ ಸ್ಕಾರ್ಫ್ ಹಾಕಿದ ಮಿಸ್ ಕಂಡು ಮಕ್ಕಳು ಖುಷಿಯಿಂದ ಉರ್ದುವಿನಲ್ಲೇ ಶುರು ಮಾಡಿದರು. ಇವರಿಗೆ ಬರುವುದು ಬ್ಯಾರಿ, ತುಳು, ಕನ್ನಡ. "ತುಮ್ನಾ ಉರ್ದು ನೈ ಆತಾ ಕ್ಯಾ ಮಿಸ್?" ಎಂದು ಒಬ್ಬ ಬಾಯಿ ತೆರೆದು ನಿಂತನಂತೆ. ಬೆಂಗಳೂರಿಗೆ ಬಂದ ನಮ್ಮವರೆಲ್ಲ ಒಮ್ಮೆಯಾದರೂ ಎದುರಿಸಿದ ಪ್ರಶ್ನೆ ಇದು. ಇಷ್ಟು ವರ್ಷ ಪಕ್ಕದ ಮನೆಯವರ ಮುಂದೆ ಇದೊಂದು ಕೊರತೆ ಎಂದೇ ಇವರು ಸಂಕೋಚಪಡುತ್ತಿದ್ದರು. ಶಾಲೆಯಲ್ಲಿ ಅದೇ ಅನುಕೂಲವಾಯಿತು. ಮಿಸ್‌ಗೆ ಉರ್ದು ಬರುವುದಿಲ್ಲ, ಹಾಗಾಗಿ ಏನು ಬೇಕಿದ್ದರೂ ಮಕ್ಕಳು ಕನ್ನಡದಲ್ಲೇ ಕೇಳಬೇಕು. ಬದಲಿಗೆ ಮಕ್ಕಳು ಇವರಿಗೆ ದಖ್ಖನಿ ಕಲಿಸಿದರು.

ಕನ್ನಡದ್ದೂ ಒಂದು ತಮಾಷೆ. ಇವರು "ಪುಸ್ತಕ ಉಂಟಾ?" ಎಂದರೆ ಮಕ್ಕಳು "ಐತೆ ಮಿಸ್" ಎನ್ನುತ್ತಾರೆ. "ಎಂತ ಮಾಡ್ತಿದ್ದಿ?" ಎಂದರೆ ಇಡೀ ಕ್ಲಾಸು ಕಿಸಕ್ಕನೆ ನಗುತ್ತದೆ. ಈಗ ಎರಡನೇ ತರಗತಿಯ ನಾಲ್ಕು ಮಕ್ಕಳು ಮನೆಗೆ ಹೋಗಿಯೂ "ಎಂತ" ಎನ್ನುತ್ತಾರೆ ಎಂದು ಒಬ್ಬ ತಾಯಿ ದೂರು ತಂದಿದ್ದಾರೆ.

ಸ್ಕಾರ್ಫ್ ಬಗ್ಗೆ ಯಾರಾದರೂ ಏನಾದರೂ ಅಂದರಾ ಎಂದು ನಾನೂ ಕೇಳಿದೆ. 2022ರ ನಂತರ ನಮ್ಮ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ಅದು. "ಇಲ್ಲ. ಹೆಡ್‌ಮಿಸ್ ಕೇಳಿದ್ದು ಒಂದೇ, ನಾಳೆಯಿಂದ ಬರ್ತೀರಾ ಅಂತ."

ಪಾಠದ ಜೊತೆ ಬೇರೆ ಕೆಲಸ ಬೇಕಾದಷ್ಟು. ಬೆಳಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ಕೊಡುವ ದಿನ ಅದರ ಲೆಕ್ಕ. ಸೆಪ್ಟೆಂಬರ್ 22ರಿಂದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಗಿ ಕಾಯಂ ಶಿಕ್ಷಕರು ಮನೆ ಮನೆ ತಿರುಗಬೇಕಾಯಿತು. ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ರಜೆ ಮುಗಿಸಿ ಬಂದ ಮಕ್ಕಳು ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗೆ ಇಳಿದಿದ್ದರು.

ಮನೆಯಲ್ಲಿ ಕಷ್ಟ ಆದದ್ದು ಮಧ್ಯಾಹ್ನದ ಹೊತ್ತು. ಮಗಳ ಇಂಗ್ಲಿಷ್ ಮೀಡಿಯಂ ಶಾಲೆ ಮೂರು ಗಂಟೆಗೆ ಬಿಡುತ್ತದೆ, ಸರಕಾರಿ ಶಾಲೆ ಬಿಡುವುದು ನಾಲ್ಕರ ಮೇಲೆ. ಆ ಒಂದೂವರೆ ಗಂಟೆ ಪಕ್ಕದ ಮನೆಯಲ್ಲಿ ಕೂರಲು ಮಗಳು ಮೊದಲ ತಿಂಗಳು ಒಪ್ಪಲೇ ಇಲ್ಲ. "ಬೇರೆ ಮಕ್ಕಳಿಗೆ ಹೇಳಿಕೊಡ್ತೀರಿ, ನನಗೆ ಹೋಮ್‌ವರ್ಕ್ ಮಾಡಿಸಲ್ಲ" ಎಂದು ಅತ್ತಳಂತೆ. ಗಂಡ ಈಗ ವಾರಕ್ಕೆ ಎರಡು ದಿನ ಅಂಗಡಿ ಹುಡುಗನಿಗೆ ಬಿಟ್ಟು ಮೂರು ಗಂಟೆಗೆ ಮನೆಗೆ ಬರುತ್ತಾರೆ. ಸರಕಾರಿ ಶಾಲೆಯಲ್ಲಿ ಕಲಿಸುವ ಉಮ್ಮನ ಮಗಳು ಸರಕಾರಿ ಶಾಲೆಗೆ ಏಕಿಲ್ಲ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ನಾನೂ ಯೋಚನೆ ಮಾಡ್ತೇನೆ. ಉತ್ತರ ಸಿಕ್ಕಿಲ್ಲ."

ಕೆಲವರು ಖಾಸಗಿ ಶಾಲೆಗೆ ಬದಲಿ ಟೀಚರ್ ಆಗಿ ಹೋಗುತ್ತಾರೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿಯಾದ ಮೇಲೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಇರುವುದರಿಂದ ಆ ಜಾಗಕ್ಕೆ ಆರು ತಿಂಗಳಿಗೆ ಜನ ಬೇಕಾಗುತ್ತದೆ. ಜೆ.ಪಿ. ನಗರದ ಒಬ್ಬ ಸೋದರಿ ಹಾಗೆ ಹೋಗಿ ನಾಲ್ಕನೇ ತಿಂಗಳಿಗೇ ಮನೆಗೆ ಬಂದರು. ಎಲ್ಲ ಬಾಯಿಮಾತಿನಲ್ಲಿತ್ತು, ಕೇಳಲು ಕಾಗದ ಇರಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಸಂಬಳ ಎಂದು ಬರೆದ ಪತ್ರ, ಹೊರಡುವಾಗ ಅನುಭವದ ಸರ್ಟಿಫಿಕೇಟು, ಇವೆರಡನ್ನು ಕೇಳಲು ಸಂಕೋಚ ಬೇಡ.

ಕಾಯಂ ಹುದ್ದೆಯ ದಾರಿ ಬೇರೆ. ಒಂದರಿಂದ ಐದನೇ ತರಗತಿಗೆ ಡಿ.ಎಡ್. ಅಥವಾ ಈಗಿನ ಡಿ.ಇಎಲ್.ಇಡಿ. ಬೇಕು, ಬಿ.ಎಡ್. ಆಗದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿ.ಎಡ್. ಮಾಡಿದ ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು, ಅವರಿಗೆ ಮೇಲಿನ ತರಗತಿಗಳು. ಜೊತೆಗೆ ಟಿಇಟಿ. ಮೊದಲ ಪೇಪರಿನಲ್ಲಿ ಮಕ್ಕಳ ವಿಕಾಸ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30ರಂತೆ 150 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 2ಬಿಯವರಿಗೆ ಶೇ. 60, ಅಂದರೆ 90 ಬೇಕು. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಇವರು ಬರೆದರು. ಮಗಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡು ಓದಿದ್ದು. ಬಂದದ್ದು 87. ಗಣಿತದಲ್ಲಿ ಕೈಕೊಟ್ಟಿತು. ಮೂರು ಅಂಕ ಎನ್ನುವಾಗ ಒಮ್ಮೆ ಸುಮ್ಮನಾದರು, ಆಮೇಲೆ ಪುಸ್ತಕವನ್ನು ಫ್ರಿಜ್ಜಿನ ಮೇಲಿಂದ ತೆಗೆದು ತೋರಿಸಿದರು. ಗಣಿತದ ಭಾಗದಲ್ಲಿ ಮಗಳ ಕ್ರೇಯಾನ್ ಗುರುತುಗಳಿದ್ದವು.

ಹೆಸರಾಗಲಿ ಶಾಲೆಯ ಹೆಸರಾಗಲಿ ಹಾಕಬೇಡಿ ಎಂದರು. ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕಲ್ಲ. ನಾನು ಹೊರಡುವಾಗ ಅವರು ಉದ್ದದ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದರು. ಒಂದು ಕಡೆ ಮಕ್ಕಳ ಹೆಸರು, ಇನ್ನೊಂದು ಕಡೆ ಯಾರು ಯಾವ ಮೆಟ್ಟಿಲಲ್ಲಿದ್ದಾರೆ, ಯಾರಿಗೆ ಒತ್ತಕ್ಷರ ಬರುವುದಿಲ್ಲ, ಯಾರ ಕಣ್ಣು ತೋರಿಸಬೇಕು.

"ಇದು ಯಾರಿಗೆ?" ಎಂದೆ.

"ಜೂನ್‌ನಲ್ಲಿ ಬರುವ ಮಿಸ್‌ಗೆ. ನಾನಾದ್ರೆ ನನಗೆ, ಬೇರೆಯವರಾದ್ರೆ ಅವರಿಗೆ. ಯಾರು ಬಂದ್ರೂ ಮಕ್ಕಳು ಮತ್ತೆ ರ, ಗ, ಸದಿಂದ ಶುರು ಮಾಡ್ಬಾರ್ದಲ್ಲ."