ಅಗ್ಗದ ಫ್ಯಾನು, ದುಬಾರಿ ಗಾಳಿ

ತಾಲ್ಲೂಕು ಕಚೇರಿಯೊಂದಕ್ಕೆ ಸೀಲಿಂಗ್ ಫ್ಯಾನ್ ಬೇಕು ಎಂದಿಟ್ಟುಕೊಳ್ಳಿ. ಟೆಂಡರ್ ಕರೆಯುತ್ತಾರೆ, ಎಲ್ಲರಿಗಿಂತ ಕಡಿಮೆ ದರ ಬರೆದವರಿಗೆ ಆರ್ಡರ್ ಸಿಗುತ್ತದೆ. ಕಚೇರಿಗಳಲ್ಲಿ ಅವರಿಗೆ ‘ಎಲ್ ಒನ್’ ಎಂದೇ ಹೆಸರು. ಹಾಗೆ ಬಂದದ್ದು 75 ವಾಟಿನ ಹಳೆಯ ಮಾದರಿ ಎನ್ನಿ. ಹೆಚ್ಚುಕಡಿಮೆ ಅಷ್ಟೇ ಗಾಳಿಯನ್ನು 30 ವಾಟಿನಲ್ಲಿ ಬೀಸುವ, ಬ್ರಷ್ ಇಲ್ಲದ ಮೋಟರಿನ ಬಿಎಲ್‌ಡಿಸಿ ಫ್ಯಾನು ಸಾವಿರ, ಒಂದೂವರೆ ಸಾವಿರ ರೂಪಾಯಿ ಹೆಚ್ಚೆಂದು ಹಿಂದೆ ಬೀಳುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ತಿರುಗಿದರೆ ಮೊದಲನೆಯದು 150 ಯೂನಿಟ್ ನುಂಗುತ್ತದೆ, ಎರಡನೆಯದು 60. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 630 ರೂಪಾಯಿ ಉಳಿಯುತ್ತದೆ. ಹೆಚ್ಚಿಗೆ ಕೊಟ್ಟದ್ದು ಎರಡೂವರೆ ವರ್ಷದೊಳಗೆ ವಾಪಸ್. ಫ್ಯಾನು ಆಮೇಲೂ ಎಷ್ಟೋ ವರ್ಷ ತಿರುಗುತ್ತಿರುತ್ತದೆ. ಇಷ್ಟು ಸರಳ ಲೆಕ್ಕ ಯಾಕೆ ತಪ್ಪುತ್ತದೆಂದರೆ, ಫ್ಯಾನಿನ ದುಡ್ಡು ಒಂದು ಲೆಕ್ಕಶೀರ್ಷಿಕೆಯದು, ಕರೆಂಟ್ ಬಿಲ್ಲಿನದು ಇನ್ನೊಂದರದು. ಎರಡೂ ತೆರಿಗೆಯ ಹಣವೇ ಆದರೂ ಒಟ್ಟಿಗೆ ಕೂಡಿಸಿ ನೋಡುವವರಿಲ್ಲ.

ಪರಿಸರಸ್ನೇಹಿ ವಸ್ತು ದುಬಾರಿ, ಬಡ ರಾಜ್ಯಗಳಿಗೆ ಅದು ಹೊರೆ ಎನ್ನುವವರಿದ್ದಾರೆ. ಎಲ್‌ಇಡಿ ಬಲ್ಬಿನ ಕಥೆಯನ್ನು ಅವರು ಒಮ್ಮೆ ನೋಡಬೇಕು. ಕೇಂದ್ರ ಸರ್ಕಾರದ ಸಾರ್ವಜನಿಕ ವಲಯದ ಕಂಪನಿಗಳು ಸೇರಿ ಕಟ್ಟಿದ ಇಇಎಸ್‌ಎಲ್, ಬಲ್ಬುಗಳನ್ನು ಸಗಟಾಗಿ ಕೊಳ್ಳಲು 2014ರ ಆರಂಭದಲ್ಲಿ ಟೆಂಡರ್ ಕರೆದಾಗ ಒಂದಕ್ಕೆ ಸುಮಾರು 310 ರೂಪಾಯಿ ದರವಿತ್ತು. 2015ರಲ್ಲಿ ಈ ಬಲ್ಬುಗಳನ್ನು ಮನೆಮನೆಗೆ ಹಂಚುವ ಉಜಾಲಾ ಯೋಜನೆ ಶುರುವಾಗಿ ಖರೀದಿ ಕೋಟಿಗಳಿಗೇರಿತು. 2016ರ ಹೊತ್ತಿಗೆ ಟೆಂಡರ್ ದರ 38 ರೂಪಾಯಿಗೆ ಇಳಿದಿತ್ತು. ಜಗತ್ತಿನೆಲ್ಲೆಡೆ ಎಲ್‌ಇಡಿ ಅಗ್ಗವಾಗುತ್ತಿತ್ತು, ನಿಜ. ಆದರೆ ಇಷ್ಟು ಬೇಗ ಇಷ್ಟು ಇಳಿಯಲು, ಇಂತಿಷ್ಟು ಕೋಟಿ ಬಲ್ಬು ಕೊಂಡೇ ಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ ಗ್ರಾಹಕ ಬೇಕಿತ್ತು. ಅಂಥ ಗ್ರಾಹಕನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಪರಿಸರಸ್ನೇಹಿ ವಸ್ತುಗಳಿಗೆಂದು 1991ರಲ್ಲೇ ತಂದ, ಮಣ್ಣಿನ ಮಡಕೆಯ ಚಿತ್ರದ ‘ಇಕೋಮಾರ್ಕ್’ ಮುದ್ರೆಯನ್ನು ಕಂಡವರು ಎಷ್ಟು ಮಂದಿ? ಅದನ್ನೇ ಹುಡುಕಿ ಕೊಳ್ಳುವವರಿಲ್ಲದೆ ತಯಾರಕರೂ ಅದರ ಗೋಜಿಗೆ ಹೋಗಲಿಲ್ಲ.

ದುಬಾರಿ ಎಂಬುದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಕಡಿಮೆ ದರ ಎಂಬುದು ಯಾರೂ ತಿರುಚಲಾಗದ ಅಳತೆ; ‘ಪರಿಸರ’ ಎಂಬ ಪದ ಒಳಗೆ ಬಂದರೆ ತಮಗೆ ಬೇಕಾದ ಕಂಪನಿಗೆ ಹೊಂದುವಂತೆ ಷರತ್ತು ಬರೆಯಬಹುದು ಎಂಬುದು. ಈ ಭಯ ಸುಳ್ಳಲ್ಲ. ಅದಕ್ಕೇ ಷರತ್ತು ಅಂಕಿಯಲ್ಲಿರಬೇಕು: ಎಷ್ಟು ವಾಟ್, ವಿದ್ಯುತ್ ಉಳಿತಾಯಕ್ಕೆ ಎಷ್ಟು ಸ್ಟಾರ್, ಎಷ್ಟು ವರ್ಷದ ವಾರಂಟಿ. ಬೆಲೆಗೆ ಹತ್ತು ವರ್ಷದ ವಿದ್ಯುತ್ ವೆಚ್ಚ ಕೂಡಿಸುವ ಸೂತ್ರವನ್ನು ಟೆಂಡರಿನಲ್ಲೇ ಅಚ್ಚು ಹಾಕಿದರೆ, ಗೆದ್ದವರು ಯಾಕೆ ಗೆದ್ದರೆಂದು ಸೋತವರೂ ಲೆಕ್ಕ ಹಾಕಿ ನೋಡಬಹುದು. ಅಧಿಸೂಚಿತ ವಿದ್ಯುತ್ ಉಪಕರಣಗಳಿಗೆ ನಿಗದಿತ ಸ್ಟಾರ್ ಇರಲೇಬೇಕೆಂದು ಕೇಂದ್ರದ 2017ರ ಹಣಕಾಸು ನಿಯಮಗಳೂ ಹೇಳುತ್ತವೆ.

ವಿದ್ಯುತ್ ಬಸ್ಸಿನ ವಿಷಯದಲ್ಲಿ ಇನ್ನೊಂದು ದಾರಿ ಕಂಡಿದೆ. 2022ರಲ್ಲಿ ಐದು ನಗರಗಳಿಗೆ ಸೇರಿಸಿ 5,450 ಬಸ್ಸುಗಳಿಗೆ ಟೆಂಡರ್ ಕರೆದಾಗ ಬೆಂಗಳೂರಿನ ಸಾರಿಗೆ ನಿಗಮವಾದ ಬಿಎಂಟಿಸಿ ಪಾಲಿಗೆ 921 ಬಂದವು. ಇಲ್ಲಿ ನಿಗಮ ಬಸ್ ಕೊಳ್ಳುವುದಿಲ್ಲ, ಕಿಲೋಮೀಟರಿಗೆ ಇಷ್ಟೆಂದು ಹಣ ಕೊಡುತ್ತದೆ, ನಿರ್ವಹಣೆ ಕಂಪನಿಯದು. ಬೇಗ ಕೆಡುವ ಬಸ್ ಕೊಟ್ಟರೆ ನಷ್ಟ ಕಂಪನಿಗೇ. ಆದರೆ ಚಾಲಕರ ನೇಮಕವೂ ಕಂಪನಿಗೇ ಹೋಗಿರುವುದರಿಂದ, ದರ ಇಳಿಸುವ ಪೈಪೋಟಿ ಅವರ ಸಂಬಳಕ್ಕೆ ಕತ್ತರಿ ಹಾಕುವ ಅಪಾಯ ನಿಚ್ಚಳವಾಗಿದೆ. ಬ್ಯಾಟರಿಯ ಬಾಳಿಕೆ ಬರೆಯುವ ಟೆಂಡರಿನಲ್ಲೇ ಚಾಲಕರ ಕನಿಷ್ಠ ವೇತನ, ಪಾಳಿಯ ಅವಧಿಯನ್ನೂ ಬರೆಯಲು ಏನೂ ಅಡ್ಡಿಯಿಲ್ಲ.