ಕ್ಯಾನಿಗೆ ಸುರಿಯುವ ಮೊದಲು

ಕೆಚ್ಚಲು ಬಾವು ಬಂದ ಆಕಳಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಅದರ ಒಂದಂಶ ಹಾಲಿಗೂ ಇಳಿಯುತ್ತದೆ. ಹೀಗಾಗಿ ಕೆಲವು ದಿನ ಆ ಹಾಲನ್ನು ಮಾರಬಾರದು. ಶಿರಹಟ್ಟಿ, ಮುಂಡರಗಿ ಕಡೆ ಒಂದೆರಡು ಆಕಳು ಕಟ್ಟಿಕೊಂಡ ಮನೆಗೆ ಹಾಲು ಚೆಲ್ಲುವುದು ಸುಲಭದ ಮಾತಲ್ಲ. ಹಾಲಿನ ಸಂಘದಲ್ಲಿ ಡಿಗ್ರಿ, ಫ್ಯಾಟ್ ನೋಡುತ್ತಾರೆ. ಔಷಧ ಆ ಎರಡರಲ್ಲೂ ಸಿಕ್ಕಿಬೀಳದು. ಕಾಯಿಸಿದರೆ ಹೋದೀತು ಎನ್ನುವಂತೆಯೂ ಇಲ್ಲ, ಬಹುಪಾಲು ಆ್ಯಂಟಿಬಯಾಟಿಕ್‌ಗಳು ಒಲೆಯ ಕಾವಿಗೆ ಜಗ್ಗುವುದಿಲ್ಲ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 77ರಲ್ಲಿ ಇವು ಮಿತಿ ಮೀರಿದ್ದವು. ಪ್ರಮಾಣ ಸಣ್ಣದೇ. ಆದರೆ ಕ್ಯಾನಿಗೆ ಬಿದ್ದ ಮೇಲೆ ಯಾರ ಹಾಲು ಯಾವುದು?

ಡೇರಿಗಳ ಹಳೆಯ ಪರೀಕ್ಷೆಯೊಂದಿದೆ. 64 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಹಾಲು ಹಾಕಿದ ನಳಿಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಹುಳಿ ಹುಟ್ಟಿ ನೇರಳೆ ಬಣ್ಣ ಹಳದಿಯಾಗುತ್ತದೆ. ಔಷಧವಿದ್ದರೆ ನೇರಳೆಯಾಗಿಯೇ ಉಳಿಯುತ್ತದೆ. ನಂಬಿಗಸ್ತ ಪರೀಕ್ಷೆ, ಆದರೆ ಸುಮಾರು ಮೂರು ತಾಸು ಹಿಡಿಯುತ್ತದೆ. ಲಕ್ಷ್ಮೇಶ್ವರದ ಹಾಲಿನ ಗಾಡಿ ಅಷ್ಟು ಹೊತ್ತು ಕಾಯದು.

ಬೆಳಕು ಬೀರುವ ಜೈವಿಕ ಸಂವೇದಕಗಳು ಬೇರೆ ದಾರಿ ಹಿಡಿದಿವೆ. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಮಣಿಯದ ಬ್ಯಾಕ್ಟೀರಿಯಾಗಳಲ್ಲಿ ಟೆಟ್‌ಆರ್ ಎಂಬ ಪ್ರೋಟೀನ್ ಒಂದು ಜೀನನ್ನು ಬಾಗಿಲು ಕಾಯುವವನಂತೆ ಅದುಮಿ ಕೂತಿರುತ್ತದೆ. ಔಷಧ ಬಂದು ಅಂಟಿದೊಡನೆ ಅದು ಜಾಗ ಬಿಡುತ್ತದೆ. ಆ ಬಾಗಿಲ ಹಿಂದೆ, 1962ರಲ್ಲಿ ಒಸಾಮು ಶಿಮೊಮುರಾ ಅಂಬಲಿ ಮೀನಿನಲ್ಲಿ (ಜೆಲ್ಲಿಫಿಶ್) ಕಂಡ ಹಸಿರು ಪ್ರೋಟೀನಿನ ಜೀನನ್ನು ಕೂಡಿಸಿದರೆ, ಔಷಧ ಸೋಕಿದ ಬ್ಯಾಕ್ಟೀರಿಯಾ ಹಸಿರಾಗಿ ಮಿನುಗುತ್ತದೆ. ಹೊಳೆ ನೀರು, ಮಣ್ಣು ತೊಳೆದ ನೀರಿಗೂ ಈ ಉಪಾಯ ಒಗ್ಗುತ್ತದೆ. ಆದರೆ ಇದೂ ಜೀವಕೋಶ; ಮಿನುಗಲು ಹೊತ್ತು ಬೇಕು.

ಇನ್ನೊಂದು ತೊಡಕು ಹಾಲಿನದೇ. ಅದರಲ್ಲಿರುವ ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವ, ಅತಿನೇರಳೆ ದೀಪದಡಿ ತಾನೇ ಹಳದಿ-ಹಸಿರಾಗಿ ಹೊಳೆಯುತ್ತದೆ. ಔಷಧದ ಬೆಳಕನ್ನು ಇದರಿಂದ ಬೇರ್ಪಡಿಸುವುದು ಹೇಗೆ? ಜೀವಕೋಶದ ಗೊಡವೆಯನ್ನೇ ಬಿಟ್ಟು ರಸಾಯನ ವಿಜ್ಞಾನಿಗಳು ಯೂರೋಪಿಯಂ ಲೋಹದ ಮೊರೆ ಹೊಕ್ಕರು. ಟೆಟ್ರಾಸೈಕ್ಲಿನ್ ಬೆಳಕು ಹೀರಿ ತನಗೆ ಅಂಟಿದ ಯೂರೋಪಿಯಂಗೆ ದಾಟಿಸುತ್ತದೆ. ಅದು ಕೆಂಪಗೆ ಹೊಳೆಯುತ್ತದೆ. ರೈಬೋಫ್ಲಾವಿನ್ ಹೊಳಪು ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಆರುತ್ತದೆ, ಈ ಕೆಂಪು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ದೀಪ ಆರಿಸಿ, ಚೂರು ತಡೆದು ನೋಡಿದರಾಯಿತು! ಈ ಬಗೆಯ ಲೋಹಗಳ ಬೆಳಕಿನಿಂದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ್ ಮೈತ್ರಾ ಅವರ ತಂಡ ಕಾಗದದ ಬಿಲ್ಲೆಗಳ ಮೇಲೆ ಕಿಣ್ವಗಳನ್ನು ಗುರುತಿಸಿದೆ.

ಇಷ್ಟಾದರೂ ನನ್ನ ತಕರಾರು ಒಂದಿದೆ. ಕೆಚ್ಚಲು ಬಾವಿಗೆ ಹೆಚ್ಚಾಗಿ ಕೊಡುವುದು ಪೆನ್ಸಿಲಿನ್ ಬಳಗದ ಔಷಧ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೊಡೆಕ್ಸ್ ಪ್ರಕಾರ ಕಿಲೋ ಹಾಲಿನಲ್ಲಿ ಬೆಂಜೈಲ್‌ಪೆನ್ಸಿಲಿನ್ 4 ಮೈಕ್ರೋಗ್ರಾಂ ದಾಟಬಾರದು, ಟೆಟ್ರಾಸೈಕ್ಲಿನ್ನಿಗೆ 100ರವರೆಗೆ ಸಡಿಲ. ಯೂರೋಪಿಯಂನ ಕೆಂಪು ದೀಪ ಹೊತ್ತುವುದು ಸಡಿಲ ಮಿತಿಯ ಔಷಧಕ್ಕೆ. ಪೆನ್ಸಿಲಿನ್ ಹಿಡಿಯಲು ಅದಕ್ಕೆಂದೇ ಅಂಟುವ ಬೇರೆ ಪ್ರೋಟೀನ್ ಬೇಕು, ಆ ಪ್ರೋಟೀನ್ ಹಚ್ಚಿದ ಪರೀಕ್ಷಾ ಪಟ್ಟಿಯ ಬೆಲೆ ಹಳ್ಳಿಯ ಸಂಘಕ್ಕೆ ದಿನವೂ ಎಟುಕುವಂತಿರಬೇಕು.