ಕಡಲು ಉಳಿದೀತು, ಏಡಿ ಉಳಿದೀತೇ?

ತಪ್ಪು ಕಲ್ಪನೆ: ಕಡಲು ಹಿಂದೆಯೂ ಬದಲಾಗಿದೆ, ಜೀವಿಗಳು ಹೊಂದಿಕೊಳ್ಳುತ್ತವೆ.

ಸತ್ಯ: ಕಡಲು ಬದಲಾದದ್ದಕ್ಕೆ ಸಾಕ್ಷಿ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಹಿರಿಯೂರು ತಾಲ್ಲೂಕಿನ ಐಮಂಗಲದ ಬಳಿ, ಮರಡಿಹಳ್ಳಿಯಲ್ಲಿ, ದಿಂಬು ಒಟ್ಟಿದಂತೆ ಕಾಣುವ ಬಂಡೆಗಳಿವೆ. ನೀರಿನೊಳಗೆ ಉಕ್ಕಿದ ಲಾವಾರಸ ತಟ್ಟನೆ ತಣಿದಾಗ ಮೂಡುವ ಆಕಾರವಿದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ಆದರೆ ಆ ಕಡಲಿನಲ್ಲಿ ಏಡಿ, ಸೀಗಡಿ, ಕಪ್ಪೆಚಿಪ್ಪು ಒಂದೂ ಇರಲಿಲ್ಲ, ಇದ್ದದ್ದು ಸೂಕ್ಷ್ಮಾಣುಗಳಷ್ಟೇ. ಹಾಗಾಗಿ ಏಡಿ ಈಗಿನ ಬದಲಾವಣೆಯನ್ನು ತಾಳಿಕೊಂಡೀತೇ ಎಂಬ ಪ್ರಶ್ನೆಗೆ ಆ ಬಂಡೆಯಲ್ಲಿ ಉತ್ತರವಿಲ್ಲ. ಉತ್ತರವಿರುವುದು ಬದಲಾವಣೆಯ ವೇಗದಲ್ಲಿ. ಕೈಗಾರಿಕಾ ಯುಗ ಶುರುವಾದ ಮೇಲೆ ಮೇಲ್ಪದರದ ಕಡಲನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಚಿಕ್ಕದಾಗಿ ಕಂಡರೂ ಆಮ್ಲೀಯತೆ ಸುಮಾರು ಶೇ. 30ರಷ್ಟು ಏರಿದೆ ಎಂದೇ ಅದರ ಅರ್ಥ. ಭೂಮಿಯ ಲೆಕ್ಕದಲ್ಲಿ ಕೈಗಾರಿಕಾ ಯುಗದ ಈ ಅವಧಿ ಕಣ್ಣುಮಿಟುಕಿಸುವಷ್ಟು ಹೊತ್ತು.

ತಪ್ಪು ಕಲ್ಪನೆ: ಕಡಲು ಆಮ್ಲವಾಗಿ ಚಿಪ್ಪುಗಳೆಲ್ಲ ಕರಗಿಹೋಗುತ್ತವೆ.

ಸತ್ಯ: ಕಡಲನೀರು ಇಂದಿಗೂ ಕ್ಷಾರೀಯವೇ. ತೊಂದರೆ ಬೇರೆ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಸುಣ್ಣಕಲ್ಲಿನಲ್ಲೂ ಏಡಿಯ ಗಡಸು ಚಿಪ್ಪಿನಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿಗೆ ಇಂಗಾಲದ ಡೈಆಕ್ಸೈಡ್ ಸೇರಿದಷ್ಟೂ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. 2009ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಇಂಥ ನೀರಿನಲ್ಲಿ ಹಲವು ಚಿಪ್ಪುಜೀವಿಗಳು ಸೊರಗಿದವು, ಆದರೆ ನೀಲಿ ಏಡಿಯಂಥ ಕೆಲವು ಜೀವಿಗಳ ಚಿಪ್ಪು ಇನ್ನೂ ದಪ್ಪವಾಯಿತು. ಹಾಗಾದರೆ ಏಡಿಗೆ ಲಾಭವೇ ಎಂದು ಕೇಳಬಹುದು. ಚಿಪ್ಪಿಗೆ ಖರ್ಚಾದ ಶಕ್ತಿ ಬೆಳವಣಿಗೆಗೂ ಸಂತಾನಕ್ಕೂ ಸಿಗದೆ ಹೋಗಬಹುದು. ಮರಿಗಳಿಗಂತೂ ಆ ಕಸುವೂ ಇರುವುದಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಡಂಜೆನೆಸ್ ಏಡಿಯ ಮರಿಗಳ ಚಿಪ್ಪು ಸವೆದದ್ದನ್ನು 2020ರ ಅಧ್ಯಯನ ತೋರಿಸಿದೆ. ಚಿಪ್ಪು ಗಟ್ಟಿಯಿದ್ದರೂ, ಅದೇ ಅನಿಲದಿಂದ ಏರುವ ಕಡಲಿನ ಬಿಸಿಯಿಂದ ಪಾರಾಗಲಾಗದು. ನೀರು ಬೆಚ್ಚಗಾದಷ್ಟೂ ಏಡಿಗೆ ಹೆಚ್ಚು ಆಹಾರ ಬೇಕು. ಅಲಾಸ್ಕಾ ಬಳಿಯ ಬೇರಿಂಗ್ ಸಮುದ್ರದಲ್ಲಿ 2018ರ ನಂತರ ಸುಮಾರು 1,000 ಕೋಟಿ ಹಿಮ ಏಡಿಗಳು ಇಲ್ಲವಾದವು; ಬಿಸಿನೀರಿನಲ್ಲಿ ಅವು ಹಸಿವಿನಿಂದ ಸತ್ತಿರಬೇಕೆಂಬುದು ವಿಜ್ಞಾನಿಗಳ ವಿವರಣೆ. 2022ರಲ್ಲಿ ಅಲ್ಲಿ ಆ ಏಡಿಯ ಬೇಟೆಯನ್ನೇ ನಿಲ್ಲಿಸಲಾಯಿತು. ಬಿಸಿನೀರು ಆಮ್ಲಜನಕವನ್ನೂ ಕಡಿಮೆ ಹಿಡಿದಿಡುತ್ತದೆ. ಮುಂಗಾರಿನ ಕೊನೆಗೆ ಆಮ್ಲಜನಕ ಕಡಿಮೆಯಿರುವ ಆಳದ ನೀರು ದಡದತ್ತ ಏರಿಬರುವ ನಮ್ಮ ಪಶ್ಚಿಮ ಕರಾವಳಿಗೆ ಇದು ದೂರದ ಮಾತಲ್ಲ.

ತಪ್ಪು ಕಲ್ಪನೆ: ಬಯಲುಸೀಮೆಗೂ ಕಡಲಿಗೂ ಸಂಬಂಧವಿಲ್ಲ.

ಸತ್ಯ: ಸಂಬಂಧ ಗಾಳಿಯದು. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಹೊಳಲ್ಕೆರೆಯಲ್ಲಿ ಉರಿದ ಡೀಸೆಲ್ಲಿನ ಹೊಗೆಗೂ ಮಂಗಳೂರಿನಲ್ಲಿ ಉರಿದದ್ದಕ್ಕೂ ಕಡಲಿಗೆ ವ್ಯತ್ಯಾಸ ತಿಳಿಯದು. ಒಂದು ಜಿಲ್ಲೆಯ ಪಾಲು ಅತ್ಯಲ್ಪವೆಂಬುದು ನಿಜ. ಆದರೆ ಒಟ್ಟು ಮೊತ್ತವೂ ಇಂಥ ಅಲ್ಪ ಪಾಲುಗಳದ್ದೇ. ಚಿತ್ರದುರ್ಗದ ಗುಡ್ಡಸಾಲಿನ ಗಾಳಿಯಂತ್ರಗಳು ತಿರುಗಿ ಅಷ್ಟು ಕಲ್ಲಿದ್ದಲು ಉರಿಯದೆ ಉಳಿದರೆ, ಬದಲಾವಣೆಯ ವೇಗ ಅಷ್ಟರಮಟ್ಟಿಗೆ ತಗ್ಗುತ್ತದೆ. ಹೊಂದಿಕೊಳ್ಳಲು ಏಡಿಗೆ ಬೇಕಿರುವುದು ಆ ಕಾಲಾವಕಾಶವೇ.